ಗುರುವಾರ ಬನ್ನಿ

ಗುತ್ತಲು ರಸ್ತೆಯ ದರ್ಜಿಗಳೆಲ್ಲ ಹೇಳುವ ಸುಳ್ಳನ್ನೇ
ಹದಿನೇಳು ವರ್ಷ ನಾನೂ ಹೇಳಿಕೊಂಡು ಬಂದೆ:
ಗುರುವಾರ ಬನ್ನಿ.
ಬಟ್ಟೆ ಇನ್ನೂ ಕತ್ತರಿ ಕಂಡಿರುವುದಿಲ್ಲ,
ಗುಂಡಿ ಡಬ್ಬದ ಹಿಂದೆ ಮಡಿಸಿದ ಹಾಗೇ ಮಲಗಿರುತ್ತದೆ.
ಗುರುವಾರ ಬಂದವರಿಗೆ ಶನಿವಾರ,
ಶನಿವಾರ ಬಂದವರಿಗೆ ಕರೆಂಟಿರಲಿಲ್ಲ.
ಬೈದುಕೊಂಡು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು.
ನಾಳೆಗಳು ನನ್ನ ಗಲ್ಲಾಪೆಟ್ಟಿಗೆಯ ಚಿಲ್ಲರೆಯಂತಿದ್ದವು.

ಮೊದಲು ಹೋದದ್ದು ಕೆಂಪು.
ಮದುವೆ ಹುಡುಗಿಯ ಧಾರೆ ರವಿಕೆ,
ಅಚ್ಚ ಕುಂಕುಮ ಎಂದಳು ಅವಳಮ್ಮ.
ಎಡಗಣ್ಣು ಮುಚ್ಚಿದರೆ ಕುಂಕುಮ,
ಬಲಗಣ್ಣು ಮುಚ್ಚಿದರೆ ಬಿಸಿಲಿಗೆ ಬೆಂದ ಹಳೇ ಇಟ್ಟಿಗೆ.
ಒಂದೇ ರವಿಕೆ, ಒಂದೇ ಮಧ್ಯಾಹ್ನ.
ದಾರ ಆರಿಸಲು ನೂರ್ ಆಯಿಷಾಳನ್ನು ಕರೆದೆ,
ಕಣ್ಣಿಗೆ ಧೂಳು ಬಿತ್ತು ಅಂತ.
ಅದು ಸುಳ್ಳೆಂದು ನನಗೇ ಆಗ ಗೊತ್ತಿರಲಿಲ್ಲ.

ಆರು ವಾರಕ್ಕೆ ಕೆಂಪು ತಾನಾಗಿ ವಾಪಸು ಬಂತು,
ಹೇಳದೆ ಕೇಳದೆ ತವರಿಗೆ ಹೋದ ಸೊಸೆಯ ಹಾಗೆ.
ಬಂದ ಮೇಲೆ ಯಾರು ಕೇಳುತ್ತಾರೆ?

ಮರುವರ್ಷ ಪಾದ.
ಪೆಡಲಿನ ಮೇಲಿದೆ ಅಂದುಕೊಂಡ ಪಾದ
ನೆಲದ ಮೇಲಿತ್ತು.
ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಜುಂ ಎಂದು ಕರೆಂಟು.
ಕತ್ತು ಬಗ್ಗಿಸದೆ ಸೂಜಿಗೆ ದಾರ ಪೋಣಿಸುವುದು ಹೇಗೆ, ಹೇಳಿ.

ಬೆಳಗಿನ ಪ್ಯಾಸೆಂಜರಿನಲ್ಲಿ ಮೈಸೂರಿಗೆ ಹೋದೆವು.
ಸ್ಕ್ಯಾನಿನ ಕೊಳವೆಯೊಳಗೆ
ಎಣ್ಣೆ ಕಾಣದ ಹೊಲಿಗೆ ಮಿಷನ್ನಿನ ಸದ್ದು;
ಅಂಗಡಿಯಲ್ಲೇ ಇದ್ದೇನೆನಿಸಿ ತೂಕಡಿಸಿದೆ.
ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕೆ ಎಣಿಸಿದರು.
ನರ ಅಂದರೆ ವೈರು,
ಮೇಲಿನ ಪ್ಲಾಸ್ಟಿಕ್ಕು ಅಲ್ಲಲ್ಲಿ ಕಿತ್ತಿದೆ ಎಂದರು.
ನನಗೆ ತಿಳಿದದ್ದು ಇಷ್ಟು:
ಲೈನಿಂಗಿಗೆ ನುಸಿ ಬಿದ್ದಿದೆ,
ಮೇಲ್ಬಟ್ಟೆ ನೋಡಲು ಹೊಸತು.

ಚೀಟಿಯಲ್ಲಿ ಎಂ.ಎಸ್. ಎಂದು ಬರೆದಿತ್ತು.
ಯಾರ ಇನಿಷಿಯಲ್ಲು ಇದು, ಎಂದಳು ನಾದಿನಿ.

ಮತ್ತೆ ಬರುತ್ತಾ ಸಾರ್?
ಬರಬಹುದು.
ಯಾವಾಗ? ಹೇಳೋಕಾಗಲ್ಲ.
ಕಣ್ಣಿಗೋ ಕಾಲಿಗೋ? ಅದನ್ನೂ.
ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ.
ನಗು ಬಂತು. ಇವರೂ ನನ್ನ ಕಸುಬಿನವರೇ.
ಏನೆಂದರೆ, ಅವರು ಸುಳ್ಳು ಹೇಳಲಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲಿಗೆಲ್ಲ
ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿದ್ದರು.
ದೆವ್ವ ದಿನಾ ಬರಬೇಕು, ಓದಬೇಕು, ತಿರುಗಿ ಹೋಗಬೇಕು.
ಎಂಥ ವಿಧೇಯ ದೆವ್ವ!
ಹೊರಬಾಗಿಲ ಬರಹ
ಒಳಗೇ ಕೂತದ್ದಕ್ಕೆ ಹೇಗೆ ಕಾಣಬೇಕು?

ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಅನ್ನುತ್ತಾರೆ.
ಇದ್ದೇನೆ.
ಕಣ್ಣು ಬಿಡುವ ಮುಂಚೆ ಹೊದಿಕೆಯೊಳಗೇ
ಬೆರಳುಗಳ ಹಾಜರಿ ಕರೆಯುತ್ತೇನೆ.
ಎಡಗಾಲಿನ ಕಿರುಬೆರಳು
ತಡವಾಗಿ, ಕೊನೇ ಬೆಂಚಿನಿಂದ, 'ಎಸ್ ಮಿಸ್' ಅನ್ನುತ್ತದೆ.
ಏಪ್ರಿಲ್ಲಿನಲ್ಲಿ ಕಾಲು ಒದ್ದೆ ಮರಳು.
ಇಸ್ತ್ರಿ ಪೆಟ್ಟಿಗೆ ಈಗ ನೂರಳ ಪಾಲು.
ಇದು ಅದೇನಾ, ಬರೀ ದಣಿವಾ?
ಊರವರೆಲ್ಲರ ಸೊಂಟ ತೋಳು ಅಳೆದ ಟೇಪು
ಕೊರಳಲ್ಲಿ ಸುಮ್ಮನೆ ನೇತಾಡುತ್ತದೆ.

ನಿನ್ನೆ ಕೊಮ್ಮೇರಹಳ್ಳಿಯ ದೇವೀರಮ್ಮ ಬಂದು
ಮೊಮ್ಮಗಳ ಲಂಗ ಯಾವಾಗ ಎಂದರು.
ಗುರುವಾರ ನಾಲಗೆಯವರೆಗೂ ಬಂತು. ನುಂಗಿದೆ.
ಕೈ ಓಡಿದರೆ ಸೋಮವಾರ, ಎಂದೆ,
ಇಲ್ಲದಿದ್ದರೆ ನೂರ್ ಹೊಲೀತಾಳೆ,
ಅವಳ ಜಿಗ್‌ಜಾಗು ನನಗಿಂತ ನೀಟು.
ಮುಖ ನೋಡಿದರು ನನ್ನದು, ಒಂದು ಗಳಿಗೆ.
ಅಡ್ವಾನ್ಸು ವಾಪಸು ಕೇಳಲಿಲ್ಲ.
ಬೆಳೆಯೋ ಮಗ, ಒಳಗೆ ವಸಿ ಬಟ್ಟೆ ಬುಡವ್ವ, ಎಂದರು.
ಎಷ್ಟು ಬಿಡಲಿ?
ಅದ್ಯಾರ್ಗೆ ಗೊತ್ತು.
ಇರೋಷ್ಟು ಬುಡು.